ಟವೆಲ್ ಬೀಸುವ ರೆಫರಿ

ರಾಮಗಿರಿಯ ನಮ್ಮ ಫುಟ್‌ಬಾಲ್ ರೆಫರಿ ಸೀಟಿ ಊದುತ್ತಿರಲಿಲ್ಲ, ಬಿಳಿ ಟವೆಲ್ ಬೀಸುತ್ತಿದ್ದರು. ಆಟ ಹುಟ್ಟಿದ ಕಾಲದಲ್ಲಿ ಸೀಟಿಯೇ ಇರಲಿಲ್ಲವಂತೆ. ಯಾರಾದರೂ ಗೊಣಗಿದರೆ ಟವೆಲ್ಲನ್ನು ಮಡಿಸಿ ಹೆಗಲಿಗೆ ಹಾಕಿಕೊಂಡು, "ಮೊದ್ಲು ಹಂಗೇ ಇತ್ತಪ್ಪ" ಎನ್ನುತ್ತಿದ್ದರು.

ಪ್ರತಿ ಗೋಲಿನ ನಂತರ ತಂಡಗಳು ಬದಿ ಬದಲಿಸಬೇಕೆಂಬ ಹಳೆಯ ನಿಯಮವನ್ನೂ ಅವರು ಬಿಟ್ಟಿರಲಿಲ್ಲ. ನಮ್ಮ ಮೈದಾನವೋ ಗುಡ್ಡದ ಬುಡದ ಇಳಿಜಾರು. ಇಳಿಜಾರಿನತ್ತ ಗೋಲು ಹೊಡೆದವರು ಆಮೇಲೆ ಏರಿನಲ್ಲಿ ಆಡಬೇಕು.

ಹರಿಯಬ್ಬೆ ಊರಿನ ತಂಡದೊಡನೆ ಆಡಿದ ಪಂದ್ಯದಲ್ಲಿ ಗೆದ್ದವರು ದುರ್ಗದ ಟೂರ್ನಿಗೆ ಹೋಗಬೇಕಿತ್ತು. ಎರಡೂ ಕಡೆ ಇನ್ನೂ ಗೋಲಾಗಿರಲಿಲ್ಲ. ಹರಿಯಬ್ಬೆಯ ನಾಯಕ ಚೆಂಡನ್ನು ಇಳಿಜಾರಿನಲ್ಲಿ ತಂದು, ಗೋಲ್‌ಕೀಪರನಾದ ನನ್ನ ಮುಂದೆ ಅದರ ಮೇಲೆ ಕಾಲಿಟ್ಟು ನಿಂತ. ಕೊನೆಯ ಗಳಿಗೆಯಲ್ಲಿ ಹೊಡೆದರೆ ಏರು ತಪ್ಪುತ್ತದೆಂದು ಅವನ ಲೆಕ್ಕ. ಒಂದು ಗೋಲು ಹೋದರೂ ನಮಗೆ ಇಳಿಜಾರು ಸಿಗುತ್ತದೆಂದು ನಾನು ಪಕ್ಕಕ್ಕೆ ಸರಿದೆ.

"ಹೊಡಿಯಲೇ!" ಎಂದೆ.

"ತಡಿಯಲೇ, ಏನವಸರ? ಸಾರ್, ಟೈಮೆಷ್ಟೈತ್ರಿ?"

"ಅದನ್ನ ಹೇಳಂಗಿಲ್ಲಪ್ಪ" ಎಂದರು ರೆಫರಿ. ಗಡಿಯಾರ ಇದ್ದದ್ದು ಅವರೊಬ್ಬರ ಬಳಿ.

ಉಳಿದ ಆಟಗಾರರು ಒಬ್ಬೊಬ್ಬರಾಗಿ ಹುಲ್ಲಿನ ಮೇಲೆ ಕುಳಿತರು. ರೆಫರಿ ಟವೆಲ್ ಬೀಸಿದರು. ಯಾರೂ ಏಳಲಿಲ್ಲ.

"ಯಾರಾರ ಆಡ್ರಪ್ಪ" ಎಂದು ಕೈಮುಗಿದರು.

ಕೊನೆಗೆ ಟವೆಲ್ಲನ್ನು ಮಡಿಸಿ ಹೆಗಲಿಗೆ ಹಾಕಿಕೊಂಡು, ಮೆಲ್ಲಗೆ, "ಇದಕ್ಕೇ ನೋಡಪ್ಪ ಎಲ್ಲಾ ಕಡೆ ಆ ನಿಯಮ ಬಿಟ್ಟಿದ್ದು" ಎಂದರು. ಆಮೇಲೆ ಗಡಿಯಾರ ನೋಡಿ, ಜೇಬಿನಿಂದ ಹೊಳೆಯುವ ಸೀಟಿಯೊಂದನ್ನು ತೆಗೆದು ಜೋರಾಗಿ ಊದಿದರು.

ನಾಯಕ ಬೆಚ್ಚಿ ಚೆಂಡನ್ನು ಒದ್ದ. ಅದು ನೇರ ಗೋಲಿನೊಳಗೆ ಹೋಯಿತು. ಆದರೆ ಆ ಸೀಟಿಗೇ ಆಟ ಮುಗಿದಿತ್ತು. ಗೆದ್ದವರೇ ಇಲ್ಲದ್ದರಿಂದ ಆ ವರ್ಷ ದುರ್ಗಕ್ಕೆ ಎರಡು ತಂಡಗಳಲ್ಲಿ ಯಾವುದೂ ಹೋಗಲಿಲ್ಲ.