ಒಬ್ಬರ ಕಣ್ಣು ತೆರೆದಿರಲಿ

ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಕಣ್ಣು ಮುಚ್ಚಿ ಕೂತಿದ್ದ ಸಿಸ್ಟರ್ ಅವರ ಎಡಗಿವಿಯ ಕೆಂಪು ಹರಳಿನ ಓಲೆಯ ಮೇಲೆ ಒಂದು ಹೆಜ್ಜೇನು ಬಂದು ಕೂತಿತು. ಹರಳನ್ನು ಒಮ್ಮೆ ಸುತ್ತಿತು. ಅವರ ನರೆಗೂದಲಿನ ಒಂದೆಳೆ ಅದರ ರೆಕ್ಕೆಗೆ ತಾಗಿ ನಡುಗುತ್ತಿತ್ತು. ಹನ್ನೊಂದು ಜನರಲ್ಲಿ ಕಣ್ಣು ತೆರೆದಿದ್ದವಳು ನಾನೊಬ್ಬಳೇ. ಕಂಡೂ ನಾನು ಹೇಳಲಿಲ್ಲ.

ಅವರು ಜಿಲ್ಲಾ ಆಸ್ಪತ್ರೆಯ ಮಾನಸಿಕ ರೋಗಿಗಳ ವಾರ್ಡಿನಲ್ಲಿ ನರ್ಸ್ ಆಗಿದ್ದವರು. ನಿವೃತ್ತರಾದ ಮೇಲೂ ಎಲ್ಲರ ಬಾಯಲ್ಲಿ ಸಿಸ್ಟರ್ ಆಗಿಯೇ ಉಳಿದರು. ಮೊಬೈಲಿನಲ್ಲಿ ಆನ್‌ಲೈನ್ ತರಗತಿ ಕೇಳಿಕೊಂಡು ಆಕ್ಸೆಪ್ಟೆನ್ಸ್ ಅಂಡ್ ಕಮಿಟ್‌ಮೆಂಟ್ ಥೆರಪಿ ಎಂಬುದನ್ನು ಕಲಿತಿದ್ದರು. ಮನಸ್ಸಿಗೆ ಬರುವ ನೋವನ್ನು ಓಡಿಸಲು ಹೆಣಗದೆ, ಅದು ಇದ್ದಂತೆಯೇ ನಮಗೆ ಮುಖ್ಯವಾದ ಕೆಲಸದತ್ತ ನಡೆಯುವುದನ್ನು ಕಲಿಸುವ ಚಿಕಿತ್ಸೆ ಅದು. ಒಬ್ಬರೇ ಕಲಿತು ಸುಮ್ಮನಿರುವ ಜಾಯಮಾನ ಅವರದಲ್ಲ. ಚಾಮರಾಜನಗರದಲ್ಲೂ ಗುಂಡ್ಲುಪೇಟೆಯಲ್ಲೂ ಶಾಲೆ, ಕಾಲೇಜು, ಕುಡಿತ ಬಿಡಿಸುವ ಕೇಂದ್ರ ಎಂದು ಒಂದೊಂದು ಕೋಣೆಯಲ್ಲಿ ಒಬ್ಬೊಬ್ಬರೇ ಕೂತಿದ್ದ ನಮ್ಮಂಥ ಸಮಾಲೋಚಕರನ್ನು ಬಸ್ಸು ಹತ್ತಿ ಹುಡುಕಿಕೊಂಡು ಬಂದರು.

ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ನನಗೆ ಕೊಟ್ಟಿದ್ದ ಕೋಣೆಯಲ್ಲಿ ಅರ್ಧ ಜಾಗ ವಾಲಿಬಾಲ್ ನೆಟ್ಟು, ಹರಿದ ಚೆಂಡುಗಳದ್ದು. ಸಿಸ್ಟರ್ ಆ ಚೆಂಡುಗಳನ್ನು ಕಾಲಿನಲ್ಲಿ ಸರಿಸಿ ಕುರ್ಚಿ ಎಳೆದುಕೊಂಡರು.

"ದಿನಾ ಅಷ್ಟು ಮಕ್ಕಳ ಅಳು ಕೇಳ್ತೀಯಲ್ಲ, ನಿಂದನ್ನ ಯಾರು ಕೇಳ್ತಾರೆ ಕಣಮ್ಮಿ?"

ಆ ಪ್ರಶ್ನೆಯನ್ನು ಅದುವರೆಗೆ ಯಾರೂ ನನಗೆ ಕೇಳಿರಲಿಲ್ಲ. ನಾನು ಅತ್ತೆ. ಅವರು ಚೀಲದಿಂದ ಏಲಕ್ಕಿ ಬಾಳೆಹಣ್ಣು ತೆಗೆದು ಕೈಗಿಟ್ಟು, "ಎರಡನೇ ಶನಿವಾರ ಬಾ" ಎಂದರು.

ಎಲ್ಲಿಗೆ ಬರಬೇಕು ಎನ್ನುವುದೇ ದೊಡ್ಡ ಜಗಳವಾಗಿತ್ತು. ಜಿಲ್ಲಾ ಕೇಂದ್ರ ನಮ್ಮದು, ನಾವೇಕೆ ಹೋಗಬೇಕು ಎಂದು ಚಾಮರಾಜನಗರದವರು. ಪ್ರತಿಯೊಂದಕ್ಕೂ ನಾವೇ ಅಲ್ಲಿಗೆ ಓಡಬೇಕೇ ಎಂದು ಗುಂಡ್ಲುಪೇಟೆಯವರು. ಸಿಸ್ಟರ್ ಇಬ್ಬರಿಗೂ ಬೇಡವೆಂದು ದಾರಿಯಲ್ಲಿದ್ದ ಉಡಿಗಾಲದ ಒಬ್ಬ ರೈತರ ಹೊಲದಲ್ಲಿ, ಹೊಂಗೆ ಮರದ ಕೆಳಗೆ ಜಮಖಾನ ಹಾಸಿದರು. "ಈಗ ಇಬ್ರೂ ಬಸ್ ಚಾರ್ಜ್ ಕೊಡಿ" ಎಂದು ನಕ್ಕರು.

ಅಲ್ಲಿ ಅವರದೇ ಕಟ್ಟುಪಾಡುಗಳಿದ್ದವು. ಬಂದವರು ತಮ್ಮ ಬಳಿ ಬರುವವರ ಕತೆ ಹೇಳುವಂತಿಲ್ಲ. "ಪೇಷೆಂಟ್ ಕತೆ ಅಲ್ಲೇ ಬುಡು, ನಿಂದು ಹೇಳು" ಎನ್ನುತ್ತಿದ್ದರು. ಹೊಲದವರಿಗೆ ತಿಳಿಯದ ಮಾತನ್ನು ಆಡುವಂತೆಯೂ ಇರಲಿಲ್ಲ. ಕುಡಿತ ಬಿಡಿಸುವ ಕೇಂದ್ರದ ಮಾದೇಶ ಒಮ್ಮೆ, ನೋವನ್ನು ಒಪ್ಪಿಕೊಳ್ಳಬೇಕು ಎಂದು ಉದ್ದಕ್ಕೆ ವಿವರಿಸುತ್ತಿದ್ದಾಗ ಹೊಲದ ಯಜಮಾನರು ಗುದ್ದಲಿ ಊರಿ ನಿಂತು ಕೇಳಿದರು: "ಒಪ್ಕೊಳದು ಅಂದ್ರೆ ಸೋತ್ಬುಡದಾ?"

ಮಾದೇಶ ತಡಬಡಿಸಿದ. ಸಿಸ್ಟರ್ ಹೇಳಿದರು: "ಅಲ್ಲ ಕಣಣ್ಣ. ಬಸ್ಸಲ್ಲಿ ಪಕ್ಕದ ಸೀಟಿಗೆ ಯಾರೋ ಬಂದ್ರೆ ಒಸಿ ಸರಿದು ಜಾಗ ಕೊಡಲ್ವಾ? ಅವರು ಇಷ್ಟ ಅಂತ ಕೊಡ್ತೀವಾ? ಜಾಗ ಕೊಡದು, ನಮ್ಮ ಸ್ಟಾಪ್ ಮರೀದೇ ಇಳಿಯದು. ಅಷ್ಟೇಯ."

"ಹಂಗನ್ನಿ ಮತ್ತೆ" ಎಂದು ಯಜಮಾನರು ಕೆಲಸಕ್ಕೆ ಹೋದರು. ಮಾದೇಶ ಆ ಮಾತನ್ನು ತನ್ನ ಕೇಂದ್ರದ ಗೋಡೆಯ ಮೇಲೆ ಬರೆಸಿದ್ದಾನೆ.

ಆ ಶನಿವಾರ ಅಭ್ಯಾಸ ನಡೆಸುವ ಸರದಿ ಮೊದಲ ಬಾರಿಗೆ ನನ್ನದಾಗಿತ್ತು. ಎಲ್ಲರೂ ಕಣ್ಣು ಮುಚ್ಚಿ ಸುತ್ತಲಿನ ಸದ್ದನ್ನು ಕೇಳಬೇಕು. ನಾನು ಹಾಳೆ ನೋಡಿ ಓದಬೇಕು. ಹೊಲದ ಆಚೆ ಬೂರುಗದ ಮರದಲ್ಲಿ ಹೆಜ್ಜೇನಿನ ಎರಡು ಹುಟ್ಟುಗಳಿದ್ದವು. ಅವುಗಳ ತಂಟೆಗೆ ಹೋಗಬೇಡಿ ಎಂದು ಯಜಮಾನರು ಮೊದಲೇ ಹೇಳಿದ್ದರು. ನಾವು ಹೋಗಲೂ ಇಲ್ಲ. ಹದ್ದೊಂದು ಹುಟ್ಟಿಗೆ ಎರಗಿತ್ತಂತೆ. ಅದು ತಿಳಿದದ್ದು ಆಮೇಲೆ.

"ಯಾವ ಸದ್ದು ಬಂದರೂ ಬರಲಿ. ಅದನ್ನು ಓಡಿಸಬೇಡಿ, ಅದರಿಂದ ಓಡಲೂ ಬೇಡಿ" ಎಂದು ಓದಿದೆ. ಗುಂಯ್ ಎನ್ನುವ ಸದ್ದು ಕೇಳಿಸಿತು. ದೂರದ ಮೋಟರಿರಬೇಕು ಎಂದುಕೊಂಡೆ. ತಲೆಯೆತ್ತಿದಾಗ ಓಲೆಯ ಮೇಲಿನ ಹುಳ ಕಂಡಿತು. ಈಗ ನಿಲ್ಲಿಸಿದರೆ ನನ್ನ ಮೊದಲ ಸಲವೇ ಹಾಳಾಗುತ್ತದೆ, ಒಂದು ಹುಳ ತಾನೇ, ಹಾರಿಹೋಗುತ್ತದೆ ಎಂದುಕೊಂಡೆ. "ಆ ಗುಂಯ್ ಸದ್ದನ್ನೂ ಸುಮ್ಮನೆ ಗಮನಿಸಿ" ಎಂದು ಸೇರಿಸಿದೆ. ಅದು ಹಾಳೆಯಲ್ಲಿ ಇರಲಿಲ್ಲ. ನನ್ನ ಮಾತು ನಂಬಿ ಹತ್ತು ಜನ ಕದಲದೆ ಕೂತರು. ಬೇರೆ ಯಾರಾದರೂ ಆಗಿದ್ದರೆ ಮೊದಲ ಸದ್ದಿಗೇ ಎದ್ದು ಓಡುತ್ತಿದ್ದರು.

"ಎಜ್ಜೇನು! ಓಡ್ರಪ್ಪೋ!" ಎಂದು ಮಾದೇಶ ಕಿರುಚಿದ ಮೇಲೆ ಆಕಾಶ ಕಪ್ಪಾದದ್ದು ಕಂಡಿತು. ಹೊಲದ ಅಂಚಿನ ಪಂಪ್‌ಸೆಟ್ ಮನೆಯನ್ನು ಎಲ್ಲರಿಗಿಂತ ಮೊದಲು ತಲುಪಿದವಳು ನಾನು. ಬಾಗಿಲಿನಿಂದ ತಿರುಗಿ ನೋಡಿದರೆ ಚಾಮರಾಜನಗರದ ನಾಗಮಣಿ ಇನ್ನೂ ಜಮಖಾನದ ಮೇಲಿದ್ದಳು. ಅವಳ ಒಂದು ಕಾಲಿಗೆ ಬಲವಿಲ್ಲ, ನೆಲದಿಂದ ಏಳಲು ಯಾರಾದರೂ ಕೈ ಕೊಡಬೇಕು. ಅರ್ಧ ದಾರಿ ಬಂದಿದ್ದ ಸಿಸ್ಟರ್ ಹಿಂದಿರುಗಿದರು. ಜಮಖಾನ ಎಳೆದು ಅವಳಿಗೆ ಹೊದಿಸಿ, ಅದರ ಅಂಚು ಏಳದಂತೆ ಅದರ ಮೇಲೆಯೇ ಮಲಗಿದರು. ಅವರ ಬೆನ್ನು ಹೊರಗಿತ್ತು. ಯಜಮಾನರು ಹುಲ್ಲಿನ ಹೊಗೆ ಹಿಡಿದು ಬರುವವರೆಗೂ ಅವರು ಏಳಲಿಲ್ಲ. ನಾನು ಬಾಗಿಲು ಬಿಟ್ಟು ಕದಲಲಿಲ್ಲ.

ಸಿಸ್ಟರ್ ಅವರನ್ನು ಗೂಡ್ಸ್ ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದೆವು. ಕಣ್ಣು ಕಾಣದಷ್ಟು ಮುಖ ಊದಿತ್ತು, ಉಸಿರು ಎಳೆಯುತ್ತಿತ್ತು. ಕಿವಿ ಊದಿ ಬಿಚ್ಚಲಾಗದೆ ಓಲೆಯನ್ನೇ ಕತ್ತರಿಸಿ ತೆಗೆದರು. ಮರುದಿನ, ಇಂಜೆಕ್ಷನ್ ಹಿಡಿದು ಅಳುಕುತ್ತ ನಿಂತಿದ್ದ ಹೊಸ ನರ್ಸಿಗೆ ಅವರು ಹೇಳಿದ್ದು ಕೇಳಿಸಿತು: "ಚುಚ್ಚು ಕಣಮ್ಮಿ, ನಿನ್ನೆಯಿಂದ ಅಭ್ಯಾಸ ಆಗ್ಬುಟ್ಟದೆ."

ವಾರ್ಡಿನಲ್ಲಿ ಎಲ್ಲರೂ ನಕ್ಕರು. ನಾನು ಕಾರಿಡಾರಿನಿಂದಲೇ ಹಿಂದಿರುಗಿದೆ.

ಮುಂದಿನ ಎರಡನೇ ಶನಿವಾರ ಉಡಿಗಾಲಕ್ಕೆ ಯಾರೂ ಹೋಗಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಗುಂಡ್ಲುಪೇಟೆಯವಳ ಕೈಗೆ ಕೊಟ್ಟದ್ದೇ ತಪ್ಪಾಯಿತು ಎಂದು ಚಾಮರಾಜನಗರದಲ್ಲಿ ಆಡಿಕೊಂಡರಂತೆ. ಸಿಸ್ಟರ್ ವರ್ಷಗಟ್ಟಲೆ ಅಲೆದು ಕೂಡಿಸಿದ್ದ ಜನ ನನ್ನಿಂದಾಗಿ ಚದುರಿದ್ದರು. ನನಗೆ ನಿದ್ದೆ ಹೋಯಿತು. ಫ್ಯಾನಿನ ಸದ್ದು, ಫ್ರಿಜ್ಜಿನ ಸದ್ದು, ಎಲ್ಲವೂ ಅದೇ ಗುಂಯ್. ಫ್ಯಾನ್ ಆರಿಸಿಯೇ ಮಲಗುತ್ತಿದ್ದೆ. "ಸೊಳ್ಳೆ ಕಿತ್ತು ತಿಂತವೆ, ಹಾಕ್ಕೊ ಕಣಮ್ಮಿ" ಎಂದು ಅಮ್ಮ ಗೊಣಗುತ್ತಿದ್ದಳು. ಹಾಕಿದರೂ ಗಂಟೆಗೊಮ್ಮೆ ಎಚ್ಚರವಾಗಿ ಆ ಓಲೆ ಕಾಣುತ್ತಿತ್ತು.

ಒಂದು ಬೆಳಿಗ್ಗೆ ಸಿಸ್ಟರ್ ನಮ್ಮ ಮನೆಗೇ ಬಂದರು. ಕೆನ್ನೆಯ ಮೇಲೆ ಇನ್ನೂ ಕಪ್ಪು ಕಲೆಗಳಿದ್ದವು. ಕಿವಿಯಲ್ಲಿ ಓಲೆಯ ಬದಲು ಕಡ್ಡಿ. ಕಾಫಿ ಲೋಟ ಕೈಗೆ ಕೊಡುವ ಮೊದಲೇ ಹೇಳಿಬಿಟ್ಟೆ: "ಸಿಸ್ಟರೇ, ನಾನು ಅದನ್ನ ನೋಡಿದ್ದೆ. ನಿಮ್ಮ ಓಲೆ ಮೇಲೆ ಕೂತಿದ್ದನ್ನ. ನೋಡಿಯೂ ಸುಮ್ಮನಿದ್ದೆ."

ಅವರು ಕಾಫಿ ಕುಡಿದು ಲೋಟ ಕೆಳಗಿಟ್ಟರು.

"ಕಿವಿ ಮೇಲೆ ಕೂತ್ರೆ ನಂಗೊತ್ತಾಗ್ದೆ ಇರ್ತದಾ? ನಿಂದು ಮೊದಲ್ನೇ ಸಲ, ಯಾಕೆ ಕೆಡಿಸ್ಬೇಕು ಅಂತ ನಾನೂ ಸುಮ್ಕಿದ್ದೆ. ಒಳ್ಳೇ ದಡ್ಡಿ ಟೀಚರು, ದಡ್ಡಿ ಸ್ಟೂಡೆಂಟು!"

ನನಗೆ ನಗು ಬರಲಿಲ್ಲ. ಅವರೂ ನಗು ನಿಲ್ಲಿಸಿದರು.

"ತಪ್ಪು ತಪ್ಪೇಯ. ಇಲ್ಲ ಅಂತ ಹೇಳಕ್ಕೆ ಬಂದಿಲ್ಲ. ಕ್ಷಮಿಸ್ದೆ ಅಂದ್ರೆ ಇವತ್ತು ನಿದ್ದೆ ಮಾಡ್ತೀಯಾ? ಇಲ್ಲ ತಾನೆ. ಆ ಸದ್ದು ಬರ್ತದೆ, ಬರ್ಲಿ ಬುಡು, ಒಸಿ ಸರಿದು ಜಾಗ ಕೊಡು. ಆದ್ರೆ ಶನಿವಾರ ಉಡಿಗಾಲದಲ್ಲಿ ಇಳಿ. ಫೋನ್ ತಗೋ, ಒಬ್ಬೊಬ್ಬರಿಗೂ ನೀನೇ ಮಾಡು. ನಾಗಮಣಿಗೆ ಮೊದಲು."

ಮಾಡಿದೆ. ಓಲೆಯ ಮೇಲಿನ ಹುಳ ಕಂಡೂ ಸುಮ್ಮನಿದ್ದದ್ದನ್ನೂ ಹೇಳಿದೆ. ನಾಗಮಣಿ "ಮರದ ಕೆಳಗಾದ್ರೆ ನಾನ್ ಬರಲ್ಲ" ಎಂದಳು. ಹಾಗಾಗಿ ಊರಿನ ಹಾಲಿನ ಡೇರಿಯ ಪಕ್ಕದ ಕೋಣೆ ಕೇಳಿಕೊಂಡೆವು. ಆರು ಜನ ಬಂದರು. ಅಂದು ಸಿಸ್ಟರ್ ಹೊಸ ಕಟ್ಟುಪಾಡು ಮಾಡಿದರು. ಅಭ್ಯಾಸ ನಡೆಸುವವರ ಕಣ್ಣು ಹಾಳೆಯ ಮೇಲಿರುತ್ತದೆ. ಅವರಲ್ಲದೆ ಇನ್ನೊಬ್ಬರು ಕಣ್ಣು ಮುಚ್ಚದೆ ಎಲ್ಲರನ್ನೂ ಕಾಯಬೇಕು, ಬೇಕೆನಿಸಿದರೆ ಯಾರನ್ನೂ ಕೇಳದೆ ನಿಲ್ಲಿಸಬೇಕು. "ಒಬ್ಬರ ಕಣ್ಣು ತೆರೆದಿರಲಿ" ಎಂದು ಹೇಳಿಯೇ ಶುರುಮಾಡುವುದು. ಆ ಸರದಿಯನ್ನು ಅವರೇ ಮೊದಲು ಹೊತ್ತರು. ನಾನು ಮಾತ್ರ ಆ ಸರದಿ ಬಂದಾಗಲೆಲ್ಲ ಏನಾದರೂ ನೆಪ ಹೇಳುತ್ತಿದ್ದೆ. ಅವರಿಗೆ ತಿಳಿಯುತ್ತಿತ್ತು. ಒತ್ತಾಯಿಸಲಿಲ್ಲ.

ಎರಡು ವರ್ಷದಲ್ಲಿ ಆರು ಇದ್ದವರು ಇಪ್ಪತ್ತಾದೆವು. ಕೇರಳ ಗಡಿಯ ಮದ್ದೂರಿನ ಕಡೆಯಿಂದ ಮಲಯಾಳ ಬೆರೆಸಿ ಮಾತಾಡುವ ಹುಡುಗಿಯೊಬ್ಬಳು ಬಂದಳು. ಯಾವ ಊರಿನವರು ಎಂದು ಕೇಳುವುದನ್ನು ಜನ ಮರೆತರು. ಬಾಳೆಹಣ್ಣಿನ ಚೀಲ ಮಾತ್ರ ಸಿಸ್ಟರ್ ಅವರದೇ.

ಕಳೆದ ಮಾಘದಲ್ಲಿ ಒಂದು ಮಧ್ಯಾಹ್ನ ಅವರು ಊಟ ಮಾಡಿ ಒರಗಿದವರು ಏಳಲಿಲ್ಲ. ಹೃದಯ ನಿಂತಿತ್ತು. ಜೇನಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ನಾನು ಮೂರು ಸಲ ಕೇಳಿದೆ.

ಅವರಿಲ್ಲದ ಮೊದಲ ಶನಿವಾರ ನಾಗಮಣಿ ಹಾಳೆ ಹಿಡಿದು, "ಇವತ್ತು ಯಾರ ಕಣ್ಣು?" ಎಂದಳು. ಗೋಡೆಯ ಪಕ್ಕ ಸಿಸ್ಟರ್ ಕೂರುತ್ತಿದ್ದ ಸ್ಟೂಲಿನ ಮೇಲೆ ನಾನು ಹೋಗಿ ಕೂತೆ.

ಸುತ್ತಲೂ ಕಣ್ಣು ಮುಚ್ಚಿದ ಮುಖಗಳು. ಮಾದೇಶನ ಹುಬ್ಬು ಕುಣಿಯುತ್ತಿತ್ತು. ಮದ್ದೂರಿನ ಕಡೆಯ ಹುಡುಗಿಯ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಇಷ್ಟು ದಿನ ಸಿಸ್ಟರ್ ನೋಡುತ್ತಿದ್ದದ್ದು ಇದನ್ನು. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಒಂದೇ ಒಂದು ಜೇನು ಒಳಬಂದು ನಾಗಮಣಿಯ ಹಾಳೆಯ ಸುತ್ತ ಹಾರಿತು.

"ನಿಲ್ಲಿಸಿ" ಎಂದೆ. ದನಿ ಗಟ್ಟಿಯಾಗಿಯೇ ಬಂತು. "ಎಲ್ಲರೂ ಕಣ್ಣು ಬಿಡಿ. ಜೇನು ಬಂದಿದೆ."

ಕಣ್ಣು ಬಿಟ್ಟವರು ಹುಡುಕಿದರು. ನಾನು ಎದ್ದು ಕಿಟಕಿಯ ಇನ್ನೊಂದು ಬಾಗಿಲನ್ನೂ ತೆಗೆದೆ. ಅದು ತನ್ನಷ್ಟಕ್ಕೆ ಹೊರಗೆ ಹೋಯಿತು.

"ಒಂದ್ ಹುಳಕ್ಕೆ ಇಷ್ಟೊಂದಾ ಮೇಡಮ್ಮೋರೇ!" ಎಂದ ಮಾದೇಶ.

"ಒಂದಕ್ಕೇ ಕಣೋ ಹೇಳ್ಬೇಕಾಗಿದ್ದು" ಎಂದಳು ನಾಗಮಣಿ, ನನ್ನ ಕಡೆ ನೋಡುತ್ತ. ಆಮೇಲೆ ಹಾಳೆಯಲ್ಲಿ ಬಿಟ್ಟ ಸಾಲು ಹುಡುಕಿ, ಮತ್ತೆ ಓದತೊಡಗಿದಳು.

ಅಂದು ಮನೆಗೆ ಬಂದು ಮಲಗುವಾಗ ಸೆಕೆಯಿತ್ತು. ಅಮ್ಮ ಕೇಳದೆಯೇ ಫ್ಯಾನಿನ ಸ್ವಿಚ್ ಒತ್ತಿ ಹೋದಳು. ಗುಂಯ್ ಎಂದಿತು. ಬರಲಿ ಎಂದು ಗೋಡೆಯ ಕಡೆಗೆ ಸ್ವಲ್ಪ ಸರಿದು ಮಲಗಿದೆ. ಬೆಳಿಗ್ಗೆ ಹಾಲಿನವರು ಬಾಗಿಲು ತಟ್ಟಿ ಎಚ್ಚರವಾದಾಗ ಫ್ಯಾನ್ ಇನ್ನೂ ತಿರುಗುತ್ತಿತ್ತು.