ರೋಬೋಗಳಿಗೆ ಎರಡನೇ ಓಟ

ಹಾಸನದ ಆ ಶಾಲೆಯ ಸ್ಟಾಫ್ ರೂಮಿನಲ್ಲಿ ಅಂದು ಇದ್ದವರು ನಾವು ನಾಲ್ಕೇ ಜನ. ಮೇಜಿನ ಒಂದು ತುದಿಗೆ ಆ ಶಾಲೆಯ ಹೆಡ್‌ಮೇಡಂ, ಅವರ ಎದುರಿಗೆ ಚನ್ನರಾಯಪಟ್ಟಣದ ಐಟಿಐ ಮೇಷ್ಟ್ರು, ಕಿಟಕಿಯ ಪಕ್ಕ ಅರಕಲಗೂಡಿನ ಗಣಿತದ ಟೀಚರು, ಬಾಗಿಲ ಹತ್ತಿರ ಹೊಳೆನರಸೀಪುರದಿಂದ ಬಂದ ನಾನು. ನಾಲ್ಕೂ ತಾಲ್ಲೂಕಿನ ಹೈಸ್ಕೂಲು ಮಕ್ಕಳಿಗೆ ರೋಬೋ ಸ್ಪರ್ಧೆ ನಡೆಸುವವರು ನಾವೇ. ಈ ಸಲ ಹಳೇ ಪದ್ಧತಿಯಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂದು ಮಾತಾಡಲು ಸೇರಿದ್ದೆವು. ಉಪ್ಪಿಟ್ಟು, ಕೇಸರಿಬಾತು ಬಂದಿತ್ತು. ಹೊಟ್ಟೆ ತುಂಬಿದ ಮೇಲೆ ಆಡಿದ ಮಾತು ಮೆತ್ತಗಿರುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಅಂತೂ ತಟ್ಟೆ ಖಾಲಿಯಾಗುವವರೆಗೆ ಯಾರೂ ವಿಷಯ ಎತ್ತಲಿಲ್ಲ.

ಎತ್ತಿದವರು ಅರಕಲಗೂಡಿನ ಟೀಚರು.

"ಸೋತೋರು ಮನೆಗೆ ಅನ್ನೋದೇ ಈ ಸಲನೂ ಆದ್ರೆ ನನ್ ಹುಡ್ಗೀರು ಬರಲ್ಲ. ನಮ್ ಹೆಡ್‌ಮಾಸ್ಟ್ರು ಕಳ್ಸಲ್ಲ ಅಂದ್ಬುಟ್ಟವ್ರೆ."

ಯಾಕೆ ಎಂಬುದು ನಮಗೆಲ್ಲ ಗೊತ್ತಿತ್ತು. ನೆಲದ ಮೇಲಿನ ಗೆರೆ ಹಿಡಿದು ತಾನೇ ಓಡುವ ಪುಟ್ಟ ಗಾಡಿ ಮಾಡುವುದು ನಮ್ಮ ಸ್ಪರ್ಧೆ. ಇಬ್ಬಿಬ್ಬರ ಗಾಡಿಯನ್ನು ಒಟ್ಟಿಗೆ ಬಿಡುತ್ತಿದ್ದೆವು. ಸೋತ ಗಾಡಿಯವರು ಅಲ್ಲಿಗೇ ಹೊರಗೆ. ಅರಕಲಗೂಡಿನ ಶಾಲೆಯದು ರೆಡ್ ಆಕ್ಸೈಡಿನ ಕೆಂಪು ನೆಲ. ಅದರ ಮೇಲೆ ಕಪ್ಪು ಟೇಪು ಅಂಟಿಸಿದರೆ ಗಾಡಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಆ ಹುಡುಗಿಯರು ಮನೆಯಿಂದ ರಂಗೋಲಿ ಪುಡಿ ತಂದು ಅಚ್ಚುಕಟ್ಟಾಗಿ ಬಿಳೀ ಗೆರೆ ಎಳೆದು, ಗಾಡಿಗೆ ಬಿಳುಪನ್ನೇ ಹಿಡಿದು ಹೋಗುವುದನ್ನು ಕಲಿಸಿದ್ದರು. ಹೋದ ಸಲ ಹಾಸನಕ್ಕೆ ಬಂದು ನೋಡಿದರೆ ಬಿಳೀ ಫ್ಲೆಕ್ಸ್ ಹಾಸಿ ಅದರ ಮೇಲೆ ಕಪ್ಪು ಗೆರೆ. ಸುತ್ತಲೂ ಬಿಳುಪೇ ಕಂಡ ಗಾಡಿ ಹಗ್ಗ ಬಿಚ್ಚಿದ ಕರುವಿನ ಹಾಗೆ ಎಲ್ಲೆಂದರಲ್ಲಿ ಓಡಾಡಿ ಗೋಡೆಗೆ ಗುದ್ದಿತು. ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಮಿನ ಒಂದು ಸಾಲು ತಿದ್ದಿದ್ದರೆ ಸರಿಹೋಗುತ್ತಿತ್ತು. ಆದರೆ ಅಖಾಡಕ್ಕೆ ಇಳಿದ ಗಾಡಿಯನ್ನು ಮುಟ್ಟುವಂತಿಲ್ಲ ಎಂಬುದು ನಮ್ಮ ನಿಯಮ. ಮಕ್ಕಳು ಬೆಳಗಿನ ತಿಂಡಿ ಕರಗುವ ಮೊದಲೇ ಸೋತು ಹೊರಗೆ ಕಟ್ಟೆಯ ಮೇಲೆ ಕೂತಿದ್ದರು.

ಐಟಿಐ ಮೇಷ್ಟ್ರು ತೀರ್ಪುಗಾರರು. ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ.

"ಅಲ್ಲಾ ಮೇಡಂ, ಕಬಡ್ಡಿಲಿ ಔಟಾದೋನ್ಗೆ ಇನ್ನೊಂದ್ಸಲ ಆಡ್ಲಾ ಅಂತೀವಾ?"

"ಅಂತೀವಲ್ಲ ಸಾ! ಈ ಕಡೆಯೋರು ಒಬ್ಬನ್ನ ಔಟ್ ಮಾಡುದ್ರೆ ಔಟಾಗಿದ್ದೋನು ಒಳೀಕ್ಕೆ ಬರಲ್ವಾ?"

ಹೆಡ್‌ಮೇಡಂ ಬಾಯಿಗೆ ಸೆರಗು ಅಡ್ಡ ಹಿಡಿದರು. ಮೇಷ್ಟ್ರು ತಲೆ ಕೆರೆದುಕೊಂಡು, "ಅದ್ ಬೇರೆ ಕಣ್ರೀ," ಎಂದರು.

ಟೀಚರ ಮನೆ ರುದ್ರಪಟ್ಟಣ. ಸಂಗೀತದ ಊರು. ಅವರು ಬಿಡಲಿಲ್ಲ. "ನಮ್ಮೂರಿಗೆ ಎಂಥಾ ವಿದ್ವಾಂಸ್ರು ಬಂದ್ರೂ ತಂಬೂರಿ ಶ್ರುತಿ ಮಾಡ್ಕಳಾಕೆ ಬಿಡ್ತೀವಿ. ಕೂತ ತಕ್ಷಣ ಹಾಡಿ, ತಪ್ಪುದ್ರೆ ಎದ್ದೋಗಿ ಅನ್ನಲ್ಲ."

"ಸಂಗೀತ ಕೇಳೋರು ಬೆಳಗಾನ ಕೂತ್ಕತಾರೆ ತಾಯಿ. ಎಲ್ರಿಗೂ ಎರಡೆರಡು ಓಟ ಕೊಟ್ರೆ ಕತ್ಲಾಯ್ತದೆ. ನಮ್ ತಾಲ್ಲೂಕಿನ ಹುಡುಗ್ರ ಅಪ್ಪಂದ್ರು ಫೋನ್ ಮಾಡಿ ಉಗಿಯೋದು ನಂಗೆ, ನಿಮಗಲ್ಲ."

ಆ ಮಾತಿನಲ್ಲೂ ನ್ಯಾಯವಿತ್ತು. ಹೊತ್ತು ಎಲ್ಲಿಂದ ತರುವುದು? ಆಗ ನಾನು, ಬೆಳಗಿನ ಹೊತ್ತೆಲ್ಲ ಎಲ್ಲಿ ಹೋಗುತ್ತದೆ ಎಂದು ಒಂದು ಸಲ ನೋಡೋಣ ಎಂದೆ. ನೋಡಿದರೆ ದೀಪ ಹಚ್ಚುವುದು, ಹಾರ, ಶಾಲು, ಸ್ವಾಗತ, ಆಮೇಲೆ ಅತಿಥಿಗಳ ಭಾಷಣ. ಅಷ್ಟೂ ಹೊತ್ತು ಮಕ್ಕಳು ಗಾಡಿಗಳನ್ನು ತೊಡೆಯ ಮೇಲಿಟ್ಟುಕೊಂಡು ಆಕಳಿಸುತ್ತಿದ್ದರು.

ಹೆಡ್‌ಮೇಡಂ ಮುಖ ಸಣ್ಣದಾಯಿತು. "ಅತಿಥಿಗಳ್ನ ಕರ್ದು, ಮಾತಾಡ್ಬೇಡಿ ಅನ್ನಕ್ಕಾಯ್ತದಾ?"

ದಾರಿ ತೋರಿಸಿದವರು ಅಷ್ಟು ಹೊತ್ತು ಅಡ್ಡ ನಿಂತಿದ್ದ ಮೇಷ್ಟ್ರೇ. "ಮಾತಾಡ್ಲಿ ಬಿಡಿ. ಬೆಳಗ್ಗೆ ಬಂದೇಟ್ಗೆ ಒಂದ್ ಓಟ ಮುಗ್ಸಣ. ಆಮೇಲೆ ಭಾಷಣ. ಅವ್ರು ಮಾತಾಡೋವಾಗ ಮಕ್ಳು ಪಕ್ಕದ್ ರೂಮ್ನಲ್ಲಿ ಗಾಡಿ ಸರಿ ಮಾಡ್ಕಳ್ಲಿ. ಊಟ ಆದ್ಮೇಲೆ ಇನ್ನೊಂದ್ ಓಟ. ಎರಡ್ರಲ್ಲಿ ಯಾವ್ದು ಚೆನ್ನಾಗದೋ ಅದೇ ಲೆಕ್ಕ."

"ಮಕ್ಕಳೆಲ್ಲ ಆ ರೂಮಲ್ಲಿದ್ರೆ ಭಾಷಣ ಕೇಳೋರ್ಯಾರು?" ಎಂದರು ಹೆಡ್‌ಮೇಡಂ.

"ನಾನ್ ಕೇಳ್ತೀನಿ ಬಿಡಿ ಮೇಡಂ. ತೀರ್ಪುಗಾರ ಅಂದ್ಮೇಲೆ ಅಷ್ಟು ಕಷ್ಟ ಪಡ್ದಿದ್ರೆ ಎಂಗೆ!"

ಎಲ್ಲರೂ ಒಪ್ಪಿದೆವು. ಟೀಚರು ತಮ್ಮ ಹೆಡ್‌ಮಾಸ್ಟರನ್ನು ಕೇಳಲು ಫೋನು ಹಿಡಿದು ಹೊರಗೆ ಹೋದರು. ಜಗಲಿಯಲ್ಲಿ ಅತ್ತಿಂದಿತ್ತ ನಡೆಯುತ್ತಾ ಬಹಳ ಹೊತ್ತು ಮಾತಾಡಿದರು. ಒಳಗೆ ಬಂದವರೇ, "ಕಳಿಸ್ತಾರಂತೆ," ಎಂದರು. "ಗೆರೆ ಕರಿಯದೋ ಬಿಳಿಯದೋ ಈಗ್ಲೇ ಕೇಳ್ಕಂಡ್ ಬನ್ನಿ ಅಂದ್ರು."

"ಕರೀದೇ ಕಣಮ್ಮಾ," ಎಂದು ಮೇಷ್ಟ್ರು ಕೈ ಮುಗಿದರು.

ಆ ಚಳಿಗಾಲದಲ್ಲಿ ಸ್ಪರ್ಧೆ ನಡೆಯಿತು. ಅರಕಲಗೂಡಿನ ಹುಡುಗಿಯರು ಬಂದರು. ಬೆಳಗಿನ ಓಟದಲ್ಲಿ ಅವರ ಗಾಡಿ ಗೆರೆಯನ್ನೇನೋ ಹಿಡಿಯಿತು, ಆದರೆ ತಿರುವಿನಲ್ಲಿ ಚಕ್ರ ಜಾರಿ ಪಕ್ಕಕ್ಕೆ ಹೋಯಿತು. ಅತಿಥಿಗಳು ಮಾತಾಡುತ್ತಿದ್ದಾಗ ಅವರು ಪಕ್ಕದ ಕೋಣೆಯಲ್ಲಿ ಚಕ್ರಕ್ಕೆ ರಬ್ಬರ್ ಬ್ಯಾಂಡು ಸುತ್ತಿ, ವೇಗ ತಗ್ಗಿಸಿ, ಮತ್ತೆ ಮತ್ತೆ ಓಡಿಸಿ ನೋಡಿದರು. ಊಟವಾದ ಮೇಲಿನ ಓಟದಲ್ಲಿ ಗಾಡಿ ನಿಧಾನವಾಗಿ ಎಲ್ಲ ತಿರುವುಗಳನ್ನೂ ದಾಟಿ ಗೆರೆಯ ಕೊನೆಗೆ ಹೋಗಿ ನಿಂತಿತು. ಬಹುಮಾನ ಚನ್ನರಾಯಪಟ್ಟಣದವರಿಗೆ ಹೋಯಿತು. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಅರಕಲಗೂಡಿನ ಹೆಡ್‌ಮಾಸ್ಟರು ಆ ಹುಡುಗಿಯರನ್ನು ಮುಂದೆ ಕರೆದು, ಇಡೀ ಶಾಲೆಯ ಎದುರು ಗಾಡಿಯನ್ನು ಓಡಿಸಿ ತೋರಿಸಲು ಹೇಳಿದರಂತೆ.