ಕಾಕಾರ ಬೋರ್ಡಿನ ಖಾಲಿ ಸಾಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಊರಿನ ಅತ್ತೆ ಸೊಸೆಯರನ್ನು ಒಂದೇ ಮುಂಜಾನೆ ಒಲೆಯ ಮುಂದೆ ಜಗಳಕ್ಕೆ ನಿಲ್ಲಿಸಿದ ಆ ಸುಳ್ಳನ್ನು ಬರೆದವನು ನಾನೇ. ಎಂಟು ವರ್ಷ ಊರ ಮಂದಿಯ ಮುಂದೆ ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಬಾಯಿಯ ಪರಿಚಯ ಇದ್ದವರಿಗೆ ಅದೆಂಥ ಕಷ್ಟ ಎಂದು ಹೇಳಬೇಕಾಗಿಲ್ಲ.

ಮೊನ್ನೆ ನಮ್ಮ ಸಾಲೆಯಲ್ಲಿ ಹುಡುಗರು ಬೋರ್ಡಿಗೆ ಕಪ್ಪು ಬಳಿಯುತ್ತಿದ್ದರು. ಇದ್ದಿಲ ಪುಡಿ, ಹಾಗಲ ಎಲೆಯ ರಸ... ಆ ಹಸಿ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮೂಡಲಗಿಯ ಸಾಲೆ ಬಿಟ್ಟು ಗೋಕಾಕದ ಪೇಟೆಯಲ್ಲಿದ್ದೆ. ಗಡಿಯಾರ ರಿಪೇರಿಯ ಕಾಕಾರ ಅಂಗಡಿಯ ಬಾಕಿನ ಮೇಲೆ ಕಾಲು ಅಲ್ಲಾಡಿಸುತ್ತ ಕೂತಿದ್ದೆ. ಹೌದು, ನಾನೀಗ ಮಾಸ್ತರ. ಮತ್ಯಾವ ಕೆಲಸಕ್ಕೂ ಬಾರದವನೆಂದು ಮನೆಯವರು ಖಾತ್ರಿ ಮಾಡಿಕೊಂಡ ಮೇಲೆ ಆದದ್ದು. ಆಗ ಊರ ಮಂದಿಯ ಧಾಟಿಯನ್ನೆಲ್ಲ ಕದ್ದು ಅಣಕಿಸುತ್ತಿದ್ದೆ. ಈಗ ನಾಲ್ಕನೇ ಇಯತ್ತೆಯ ಒಬ್ಬ ಪೋರ ನನಗಿಂತ ಚೆನ್ನಾಗಿ ನನ್ನ ಹಾಗೆ ಕೆಮ್ಮುತ್ತಾನೆ.

ಕಾಕಾ ನನಗೆ ಸಂಬಂಧಿಕರಲ್ಲ, ಪೇಟೆಗೆಲ್ಲ ಕಾಕಾ. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಮಧ್ಯಾಹ್ನದವರೆಗೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರದ ಹೊಟ್ಟೆ ಬಗೆಯುತ್ತಿದ್ದರು. ಬೆಳಗಾವಿ ಬಸ್ಸು ಪತ್ರಿಕೆ ತಂದಿತೆಂದರೆ ಕೆಲಸ ಬಂದ್. ಅಂಗಡಿ ಮುಂದಿನ ಕರಿ ಬೋರ್ಡು ಒರೆಸಿ ಮೂರು ಸಾಲು ಬರೆಯುತ್ತಿದ್ದರು: ಸುದ್ದಿ, ನಾಳಿನ ದಿನ, ನನ್ನ ಮಾತು.

'ಸುದ್ದಿ' ಪತ್ರಿಕೆಯದು. 'ನನ್ನ ಮಾತು' ಕಾಕಾರದು. ಮುಂಬಯಿ ರಾಜ್ಯ ಬಿಟ್ಟು ನಾವು ಮೈಸೂರು ರಾಜ್ಯಕ್ಕೆ ಸೇರಿದಾಗ, "ರಾಜ್ಯ ಬದಲಾಯಿತು, ಸಂತೋಷ. ಬಸ್ಸು ಇವತ್ತೂ ತಡ" ಎಂದು ಬರೆದಿದ್ದರು. ರಷ್ಯಾದವರು ಉಪಗ್ರಹ ಹಾರಿಸಿದಾಗ, "ಅವರದು ಆಕಾಶ ಏರಿತು. ನಮ್ಮ ಓಣಿಯ ಕಂಬಕ್ಕೆ ಬಲ್ಬು ಇನ್ನೂ ಏರಿಲ್ಲ." 'ನಾಳಿನ ದಿನ'ಕ್ಕೆ ಅವರ ಬಳಿ ಒಂದು ದಪ್ಪ ವಹಿ ಇತ್ತು. ಹುಣ್ಣಿವೆ, ಉಪವಾಸ, ಯಾವುದೋ ರಾಜನ ಪಟ್ಟ, ಯಾವುದೋ ಯುದ್ಧ... ಅವುಗಳ ಪಂಕ್ತಿಯಲ್ಲೇ, "ಪೇಟೆಯ ಬಾವಿಗೆ ಎಮ್ಮೆ ಬಿದ್ದು ನಾಳೆಗೆ ಆರು ವರ್ಷ. ಕಟ್ಟೆ ಇನ್ನೂ ಕಟ್ಟಿಲ್ಲ."

ಬರೆದದ್ದನ್ನು ಎರಡು ಚೀಟಿಗೆ ಇಳಿಸಿ ಒಂದನ್ನು ಮೂಡಲಗಿ ಬಸ್ಸಿನ ಕಂಡಕ್ಟರನಿಗೆ, ಇನ್ನೊಂದನ್ನು ಹುಕ್ಕೇರಿ ಬಸ್ಸಿನವನಿಗೆ ಕೊಡುತ್ತಿದ್ದರು. ಆ ಊರುಗಳ ಚಹಾದಂಗಡಿಯವರು ಅದನ್ನು ತಮ್ಮ ಬೋರ್ಡಿಗೆ ಇಳಿಸಿಕೊಳ್ಳುವುದು. ದಾರಿಯ ಹಳ್ಳಿಗಳಲ್ಲಿ ಕಂಡಕ್ಟರನೇ ಕಿಟಕಿಯಿಂದ ಒದರುವುದು. ಬಸ್ಸು ಹೊರಟಿತೆಂದರೆ ಬರೆದದ್ದನ್ನು ಹಿಂದಕ್ಕೆ ತರುವ ದಾರಿ ಇರಲಿಲ್ಲ.

ಕಾಕಾರದು ಒಂದೇ ನೇಮ. ವಹಿಯಲ್ಲಿ ಏನೂ ಸಿಗದ ದಿನ ಆ ಸಾಲು ಖಾಲಿ. "ಇಲ್ಲದ್ದ ಬರದ್ರ ಇದ್ದದ್ದನ್ನೂ ಮಂದಿ ನಂಬೂದಿಲ್ಲೊ" ಎನ್ನುತ್ತಿದ್ದರು.

ಬಾವಿ, ಬಲ್ಬು ಎಲ್ಲ ಪುರಸಭೆಯ ಒಬ್ಬ ಸಾಹೇಬರ ಸುಪರ್ದಿಗೆ ಬರುತ್ತಿದ್ದವು. ಬೋರ್ಡು ಅವರಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಒಮ್ಮೆ ಅಂಗಡಿಗೇ ಬಂದು ಬೆದರಿಸಿದರು. "ಒಂದ ಒಂದ ಸುಳ್ಳ ಸಿಗಲಿ, ಇದನ್ನ ಒಲಿಗೆ ಹಾಕಸ್ತೇನಿ."

"ಸಿಕ್ಕ ದಿನ ಕರೀರಿ ಸಾಹೇಬ್ರ, ನಾನ ಒಡದ ಕೊಡ್ತೇನಿ" ಎಂದರು ಕಾಕಾ. ಪೇಟೆಯೆಲ್ಲ ಕೇಳಿಸಿಕೊಂಡಿತು.

ಇದಾಗಿ ಕೆಲವು ದಿನಕ್ಕೆ ಗಡಿಯಾರದ ಸ್ಪ್ರಿಂಗು ಹಾರಿ ಕಾಕಾರ ಕಣ್ಣಿಗೆ ಬಡಿಯಿತು. ಪಟ್ಟಿ ಕಟ್ಟಿಕೊಂಡು ಒಳಗೆ ಮಲಗಿದರು. ಬೋರ್ಡು ಬರೆಯುವವರು ಯಾರು? ಅವರ ಅಕ್ಷರವನ್ನು ಕೊಂಬು ದೀರ್ಘದ ಬಾಲ ಸಮೇತ ಅಣಕಿಸಬಲ್ಲವನು ಊರಿಗೆ ಒಬ್ಬನೇ. ಮ್ಯಾಟ್ರಿಕ್ಕಿಗೆ ಎರಡು ಸಲ ಕೂತು ಎರಡೂ ಸಲ ಎದ್ದು ಬಂದ ನಾನು.

ನಾಲ್ಕು ದಿನ ನೆಟ್ಟಗೆ ಬರೆದೆ. ಐದನೇ ದಿನ ಕಾಕಾ ಮಲಗಿದಲ್ಲಿಂದಲೇ ಹೇಳಿದರು, "ನಾಳಿನ ದಿನ ಏನೂ ಇಲ್ಲ. ಖಾಲಿ ಬಿಡು."

ಕೈಯಲ್ಲಿ ಬರೆಯುವ ಖಡು, ಎದುರಿಗೆ ಖಾಲಿ ಸಾಲು, ನೋಡುವವರಿಲ್ಲ... ನನ್ನಂಥವನನ್ನು ಹಾಗೆ ಬಿಡಬಾರದಿತ್ತು. ಬರೆದೆ: "ನಾಳೆ ಸೊಸೆಯರ ದಿನ. ರೊಟ್ಟಿ ಬಡಿಯುವುದು ಅತ್ತೆ, ಕೂತು ಉಣ್ಣುವುದು ಸೊಸೆ." ಎರಡೂ ಚೀಟಿಗೆ ಇಳಿಸಿ ಬಸ್ಸು ಹತ್ತಿಸಿಯೂ ಬಿಟ್ಟೆ.

ಮಂದಿ ನಗುತ್ತಾರೆ ಎಂದುಕೊಂಡಿದ್ದೆ. ನನ್ನ ತಲೆಗೆ ಹೊಳೆಯದೇ ಹೋದದ್ದು ಒಂದು. ನಗುವ ಸಾಲು 'ನನ್ನ ಮಾತು'. 'ನಾಳಿನ ದಿನ'ವನ್ನು ಮಂದಿ ಪಂಚಾಂಗದಂತೆ ನಂಬಿದ್ದರು. ಅದರಲ್ಲಿ ಏಕಾದಶಿ ಎಂದಿದ್ದರೆ ಉಪವಾಸ ಮಾಡುತ್ತಿದ್ದರು.

ನಮ್ಮ ಕಡೆ ಊರು ಏಳುವುದೇ ರೊಟ್ಟಿ ಬಡಿಯುವ ಸಪ್ಪಳಕ್ಕೆ. ಮರುದಿನ ಎಷ್ಟೋ ಮನೆಗಳಲ್ಲಿ ಆ ಸಪ್ಪಳವೇ ಇಲ್ಲ! ಹುಕ್ಕೇರಿಯಲ್ಲಿ ಒಬ್ಬ ಸೊಸೆ ತಾಟು ಹಾಕಿಕೊಂಡು ಕೂತೇಬಿಟ್ಟಳಂತೆ. ಮೂಡಲಗಿಯಲ್ಲಿ ಅತ್ತೆ ಸೊಸೆ ಇಬ್ಬರೂ ಹಟ ಹಿಡಿದು, ಗಂಡಸರೆಲ್ಲ ಚುರುಮುರಿ ತಿಂದು ಹೊಲಕ್ಕೆ ಹೋದರಂತೆ. ಕಂಡಕ್ಟರರು ಒಬ್ಬರಿಗಿಂತ ಒಬ್ಬರು ಬಣ್ಣ ಹಚ್ಚಿ ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಏನೂ ನಡೆಯಲಿಲ್ಲ. ನಮ್ಮ ಅಜ್ಜಿ ನನ್ನ ಮೋರೆಯನ್ನು ಒಮ್ಮೆ ನೋಡಿ, "ಇದು ಈ ಮಂಗ್ಯಾನ ಕೆಲಸ" ಎಂದಳು. ಅವ್ವ ಎಂದಿನಂತೆ ರೊಟ್ಟಿ ಬಡಿದಳು.

ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಅಂಗಡಿಗೆ ಹೋದೆ. ಅಲ್ಲಿ ಸಾಹೇಬರು ನಿಂತಿದ್ದರು. ಜೊತೆಗೆ ಕೊಡಲಿ ಹಿಡಿದ ಸಿಪಾಯಿ.

ಸಾಹೇಬರೂ ಅಂದು ಮನೆಯಲ್ಲಿ ಉಂಡು ಬಂದಂತೆ ಕಾಣಲಿಲ್ಲ. "ಇದು ಯಾವ ಪಂಚಾಂಗದಾಗ ಐತಿ? ಯಾವ ಸರಕಾರ ಸಾರೇತಿ? ತೋರಸು!"

ಮಂದಿ ಕೂಡಿತ್ತು. ಕಾಕಾ ಪಟ್ಟಿ ಕಟ್ಟಿದ ಕಣ್ಣಿನಲ್ಲೇ ಗೋಡೆ ಹಿಡಿದು ಹೊರಗೆ ಬಂದರು. ಯಾರೋ ಆ ಸಾಲು ಓದಿ ಹೇಳಿದರು. ಕಾಕಾ ಇದ್ದೊಂದು ಕಣ್ಣನ್ನು ನನ್ನ ಕಡೆ ತಿರುಗಿಸಿದರು. ಊರವರ ಮುಖವೆಲ್ಲ ಅಣಕಿಸಿದ್ದೇನೆ. ಆ ನೋಟ ಇವತ್ತಿಗೂ ನನಗೆ ಬರುವುದಿಲ್ಲ... ನನ್ನ ಹೆಸರು ಹೇಳಲಿಲ್ಲ ಅವರು.

"ಬೋರ್ಡ ನಂದು, ತಪ್ಪೂ ನಂದ. ಮಾತ ಕೊಟ್ಟೇನಿ. ಕೊಡಲಿ ಕೊಡ್ರಿ" ಎಂದು ಕೈ ಚಾಚಿದರು.

ಬರೆದವನು ನಾನು ಎನ್ನಲು ಬಾಯಿ ತೆರೆದೆ. ಎಲ್ಲರ ಧ್ವನಿ ತೆಗೆಯುವವನಿಗೆ ತನ್ನ ಧ್ವನಿಯೇ ಹೊರಡಲಿಲ್ಲ. ಕೊಡಲಿ ಕಾಕಾರ ಕೈಗೆ ಬಂತು.

ಅಷ್ಟರಲ್ಲಿ ಅಂಗಡಿಯ ನೆರಳಿಗೆ ಕೂತಿದ್ದ ಮುದುಕಿಯೊಬ್ಬಳು ಮೊಣಕಾಲು ಹಿಡಿದುಕೊಂಡು ಎದ್ದಳು. ಮಮದಾಪುರದವಳು, ಬೆಣ್ಣೆ ಮಾರಲು ಬಂದಿದ್ದಳು. ಕಂಡಕ್ಟರನ ಕೂಗು ಹಿಂದಿನ ಸಂಜೆಯೇ ಅವಳ ಕಿವಿಗೆ ಬಿದ್ದಿತ್ತು. ಸೊಂಟಕ್ಕೆ ಬುಟ್ಟಿ ಇಟ್ಟುಕೊಂಡು ನೆಟ್ಟಗೆ ಸಾಹೇಬರ ಎದುರಿಗೆ ಬಂದು ಒಂದು ಮಾತು ಅಂದಳು. ಅದನ್ನು ಕೊನೆಗೆ ಹೇಳುತ್ತೇನೆ. ಕಾಕಾ ಕೊನೆಗೆ ಕೇಳಿದ್ದೂ ಅದನ್ನೇ.

ಮೊದಲು ನಕ್ಕವನು ಕೊಡಲಿ ತಂದ ಸಿಪಾಯಿ. ಆಮೇಲೆ ಪೇಟೆಗೆ ಪೇಟೆಯೇ ನಕ್ಕಿತು. ಸಾಹೇಬರು ಟೊಪ್ಪಿಗೆ ಸರಿಮಾಡಿಕೊಂಡು ಹೊರಟೇಹೋದರು. ನಾನು ಬಾಕಿನ ಮೇಲೆ ಕೂತೆ. ಅಂಥ ನಿರಾಳದ ಉಸಿರನ್ನು ಮುಂದೆ ಮ್ಯಾಟ್ರಿಕ್ ಪಾಸಾದಾಗಲೂ ಬಿಡಲಿಲ್ಲ.

ಕಾಕಾ ನನ್ನನ್ನು ಬೈಯಲಿಲ್ಲ. ಅರಿವೆ ಕೈಗಿಟ್ಟು "ಒರಸು" ಎಂದರು, ಅಷ್ಟೇ. ಒಂದು ವರ್ಷದ ಮೇಲೆ ಅದೇ ಹೊತ್ತಿಗೆ ಬೋರ್ಡು ನೋಡುತ್ತೇನೆ, ಅವರದೇ ಅಕ್ಷರ: "ನಾಳೆ ಸೊಸೆಯರ ದಿನ. ಮಮದಾಪುರದ ಒಂದು ಮನೆಯಲ್ಲಿ ಕಳೆದ ವರ್ಷದಿಂದ ರೂಢಿಯಲ್ಲಿದೆ." ವಹಿಗೆ ಏರಿಸಿಕೊಂಡಿದ್ದರು!

ಕಾಕಾ ಹೋಗಿ ಎರಡು ವರ್ಷವಾಯಿತು. ಹೋಗುವ ಮುಂಚೆ ನೋಡಲು ಹೋಗಿದ್ದೆ. ಇನ್ನು ತಡೆಯಬಾರದೆಂದು ಬಾಯಿ ಬಿಟ್ಟೆ. "ಕಾಕಾ, ಅದನ್ನ ಬರದಾಂವ ನಾನರಿ..."

"ಗೊತ್ತೈತಿ ಬಿಡೊ. ನನ್ನ ಅಕ್ಷರ ಅಷ್ಟ ಚಂದ ಎಂದಿತ್ತು? ಆ ಮುದುಕಿ ಮಾತ ಅಂದು ತೋರಸು."

ಟಾವೆಲ್ಲನ್ನು ತಲೆಗೆ ಸೆರಗು ಮಾಡಿಕೊಂಡು, ಸೊಂಟಕ್ಕೆ ಇಲ್ಲದ ಬುಟ್ಟಿ ಇಟ್ಟುಕೊಂಡು ಅಂದು ತೋರಿಸಿದೆ. ಕಾಕಾ ಕೆಮ್ಮು ಬರುವ ತನಕ ನಕ್ಕರು.

ಈಗ ಆ ಅಂಗಡಿಯಲ್ಲಿ ರೇಡಿಯೊ ಮಾರುತ್ತಾರೆ. ಸುದ್ದಿ ದಿನಕ್ಕೆ ನಾಲ್ಕು ಸಲ ಬರುತ್ತದೆ. ಬಾವಿಗೆ ಬಿದ್ದ ಎಮ್ಮೆಯ ನೆನಪು ಯಾರೂ ಮಾಡುವುದಿಲ್ಲ... ಮೊನ್ನೆ ಸಾಲೆಯ ಬೋರ್ಡು ಒಣಗಿದ ಮೇಲೆ, ನನ್ನ ಕೆಮ್ಮು ಕದ್ದ ಆ ಪೋರ "ಸರ್, ಯಾರದಾರ ಧ್ವನಿ ತಗೀರಿ" ಎಂದು ಗಂಟುಬಿದ್ದ. ಟಾವೆಲ್ಲು ತಲೆಗೆ ಹಾಕಿಕೊಂಡೆ.

"ಸುಳ್ಳಂತ ಯಾಕ ಅಂತೀರಿ ಸಾಹೇಬ್ರ? ಇವತ್ತ ಮುಂಜಾನಿ ರೊಟ್ಟಿ ಬಡದಾಕಿ ನಾನು. ಒಂಬತ್ತ ವರ್ಷದಾಗ ಮೊದಲನೇ ಸಲ ನನ್ನ ಸೊಸಿ ಕುಂತು ಬಿಸಿದು ಉಂಡಾಳ. ನನ್ನ ಮನ್ಯಾಗ ನಡದದ್ದು ಸುಳ್ಳ ಹೆಂಗ ಆಗ್ತೈತ್ರಿ?"